ನಮ್ಮನೆ ಜೀಪಿನ ಸದ್ದು

ಹೋದ ತಿಂಗಳು ಕೆಳಮನೆ ಅಕ್ಕ ನಮ್ಮ ಜಗಲಿಯಲ್ಲಿ ಕೂತು, "ಎಂತ ಮಾರಾಯ್ತಿ, ನಿಮ್ಮ ಜೀಪು ಬಂದದ್ದೇ ಗೊತ್ತಾಗೋದಿಲ್ಲ ಈಗ. ಮೊದಲೆಲ್ಲ ಹಳ್ಳದಾಚೆ ದಿಬ್ಬ ಹತ್ತುವಾಗಲೇ ಕೇಳ್ತಿತ್ತು. ಅಗೋ ಬಂದ್ರು ಅಂತ ನಾವು ಕಾಫಿಗೆ ನೀರಿಡ್ತಿದ್ವಿ" ಅಂದ್ರು. ನಂಗೆ ನಗು ಬಂತು. ಅದೇ ವಾರ ಚಿಕ್ಕಮ್ಮನ ಮಗಳೂ ಫೋನ್ ಮಾಡಿ, "ಅಕ್ಕ, ಜೀಪಿಗೆ ಎಂತ ಮಾಡಿದ್ರಿ, ಬರಿ. ನಮ್ಮನೆಯವ್ರೂ ಹಳೇದೊಂದನ್ನ ಕೊಟ್ಟಿಗೆಲಿ ನಿಲ್ಲಿಸಿಕೊಂಡು ಕೂತಿದಾರೆ" ಅಂದಳು.

ಬರೀತೇನೆ. ಆದ್ರೆ ಸದ್ದು ಕಡಿಮೆ ಮಾಡಿದ್ದು ಹೇಗೆ ಅಂತ ಹೇಳೋದಕ್ಕೆ ಮೊದಲು ಆ ಸದ್ದು ಎಲ್ಲಿಂದ ಬಂತು ಅಂತ ಹೇಳಬೇಕು. ಅದು ನಮ್ಮೂರಲ್ಲಿ ಹುಟ್ಟಿದ ಸದ್ದಲ್ಲ. 80 ವರ್ಷದ ಹಿಂದಿನ ಯುದ್ಧದಲ್ಲಿ ಹುಟ್ಟಿ, ಸಮುದ್ರ ದಾಟಿ, ನಮ್ಮ ಅಂಗಳಕ್ಕೆ ಬಂದು ನಿಂತದ್ದು. ನಮ್ಮ ಅತ್ತೆಯವರ ಮನಸ್ಸಲ್ಲಿ 26 ವರ್ಷ ಕೂತಿದ್ದ ಒಂದು ಸಿಟ್ಟಿಗೂ ಆ ಸದ್ದೇ ಕಾರಣ ಅಂತ ನಮಗೆ ಗೊತ್ತಾದದ್ದು ಮಾತ್ರ ಈಚೆಗೆ.

1940ನೇ ಇಸವಿ. ಯುರೋಪಿನಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದ್ರೆ ತಯಾರಿ ನಡೀತಿತ್ತು. ಅಲ್ಲಿಯ ಸೈನ್ಯಕ್ಕೆ ಕುದುರೆ ಮತ್ತು ಮೋಟರ್ ಸೈಕಲ್ಲಿನ ಬದಲು ಒಂದು ಚಿಕ್ಕ, ಹಗುರ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ ಬೇಕಾಯ್ತು. 135 ಕಂಪನಿಗಳಿಗೆ ಕಾಗದ ಬರೆದ್ರಂತೆ. ಮಾದರಿ ಗಾಡಿ ಮಾಡಿಕೊಡೋಕೆ ಕೊಟ್ಟ ಗಡುವು ಬರೀ 49 ದಿನ. ನಮ್ಮಲ್ಲಿ ಒಂದು ಮದುವೆ ಚಪ್ಪರದ ಕೆಲಸಕ್ಕೂ ಅಷ್ಟು ದಿನ ಬೇಕು! ಬ್ಯಾಂಟಮ್ ಅನ್ನೋ ಒಂದು ಸಣ್ಣ ಕಂಪನಿ, ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನೋ ಊರಿನದ್ದು, ಒಪ್ಪಿಕೊಂಡಿತು. ಕಾರ್ಲ್ ಪ್ರಾಬ್‌ಸ್ಟ್ ಅನ್ನೋ ಎಂಜಿನಿಯರ್ ಕೂತು ನಕ್ಷೆ ಹಾಕಿದ್ರು. 1940ರ ಸೆಪ್ಟೆಂಬರ್ 23ಕ್ಕೆ ಗಾಡಿ ಸೈನ್ಯದ ಮುಂದೆ ಬಂದು ನಿಂತಿತು.

ಪಾಪ, ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಬ್ಯಾಂಟಮ್ ಚಿಕ್ಕ ಕಂಪನಿ, ಲಕ್ಷಗಟ್ಟಲೆ ಮಾಡಿಕೊಡೋಕೆ ಇವರ ಕೈಲಿ ಆಗೋದಿಲ್ಲ ಅಂತ ಸೈನ್ಯ ಅದರ ನಕ್ಷೆಯನ್ನ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸ್ತು. ಒಹಾಯೋ ರಾಜ್ಯದ ಟೊಲಿಡೋ ಊರಿನ ವಿಲ್ಲಿಸ್ ಕಂಪನಿಯ ಹತ್ತಿರ 60 ಕುದುರೆ ಬಲದ ಗಟ್ಟಿ ಎಂಜಿನ್ ಇತ್ತು. ಕೊನೆಗೆ ಗೆದ್ದದ್ದು ಅವರೇ. ಯುದ್ಧ ಮುಗಿಯೋ ಹೊತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ರು.

ಈಗ ಸದ್ದಿನ ವಿಷಯಕ್ಕೆ ಬರ್ತೇನೆ. ಸೈನ್ಯ ಎಲ್ಲಕ್ಕಿಂತ ಹೆಚ್ಚು ಹಟ ಹಿಡಿದದ್ದು ತೂಕಕ್ಕೆ. ಮಣ್ಣಲ್ಲಿ ಹೂತರೆ ನಾಲ್ಕು ಜನ ಎತ್ತಿ ಈಚೆ ಹಾಕುವ ಹಂಗಿರಬೇಕು ಅಂತ. ವಿಲ್ಲಿಸ್ ಎಂಜಿನ್ ಗಟ್ಟಿಯಾದ್ದಕ್ಕೆ ಭಾರವೂ ಇತ್ತು. ತೂಕದ ಮಿತಿ 2,160 ಪೌಂಡು, ಅಂದ್ರೆ ಸುಮಾರು 980 ಕಿಲೋ. ಇವರದ್ದು ಅದನ್ನ ಮೀರಿ ಹೋಗಿತ್ತು. ಬಾರ್ನಿ ರೂಸ್ ಅಂತ ಅವರ ಎಂಜಿನಿಯರ್. ಅವರು ಗಾಡಿಯನ್ನ ಪೂರ್ತಿ ಬಿಚ್ಚಿಸಿ, ಒಂದೊಂದೇ ಭಾಗ ನೋಡಿ, ಉದ್ದ ಇದ್ದ ಬೋಲ್ಟುಗಳ ತುದಿ ಕತ್ತರಿಸಿ, ತಗಡು ತೆಳುಮಾಡಿ, ಬಣ್ಣವನ್ನೂ ಒಂದೇ ಕೈ ಹೊಡೆಸಿ ತೂಕ ಇಳಿಸಿದ್ರಂತೆ.

ಬಣ್ಣದ ತೂಕವನ್ನೂ ಲೆಕ್ಕ ಹಾಕಿದ ಗಾಡೀಲಿ ಸದ್ದು ತಡೆಯೋ ಹಾಸಿಗೆ ಎಲ್ಲಿಂದ ಬರಬೇಕು ಹೇಳಿ? ಆ ಕಾಲದಲ್ಲಿ ಕಾರುಗಳಿಗೆ ಅದು ಗೊತ್ತಿಲ್ಲದ ವಿದ್ಯೆಯಲ್ಲ. ಮರದ ಚೌಕಟ್ಟು ಹೋಗಿ ಪೂರ್ತಿ ಉಕ್ಕಿನ ಮೈ ಬಂದಾಗಲೇ ಕಾರುಗಳು ಡೋಲಿನ ಹಂಗೆ ಬಡಕೊಳ್ಳೋಕೆ ಶುರುಮಾಡಿದ್ವು. ಅದಕ್ಕೆ ಡಾಂಬರು ಹೀರಿಸಿದ ದಪ್ಪ ಫೆಲ್ಟನ್ನ ಒಳಗೆ ಅಂಟಿಸ್ತಿದ್ರು. ಜೀಪಿಗೆ ಮಾತ್ರ ಅದು ಯಾವುದೂ ಇಲ್ಲ. ಬಾಗಿಲಿಲ್ಲ, ಗಾಜು ಮುಂದಕ್ಕೆ ಮಡಚಿ ಮಲಗಿಸುವಂಥದ್ದು, ಮೇಲೆ ಕ್ಯಾನ್ವಾಸ್ ಬಟ್ಟೆ, ಕೆಳಗೆ ಬರಿ ತಗಡು. ಅದರಲ್ಲಿ ಕೂತು ಯಾರಾದ್ರೂ ಮನೆ ಮಾತು ಆಡ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಸಿಪಾಯಿಗಳಿಗೆ ಆಜ್ಞೆ ಕೇಳಿದ್ರೆ ಸಾಕಿತ್ತು.

ಯುದ್ಧ ಮುಗೀತು. 1945ರಲ್ಲೇ ವಿಲ್ಲಿಸ್ ಕಂಪನಿ ರೈತರಿಗೆ, ಮನೆಯವರಿಗೆ ಅಂತ ಜೀಪು ಮಾಡೋಕೆ ಶುರುಮಾಡ್ತು. ಅದಕ್ಕೆ ಸಿಜೆ ಅಂತ ಹೆಸರು, 'ಸಿವಿಲಿಯನ್ ಜೀಪ್'. ಹೆಸರು ಬದಲಾಯ್ತು, ಮೈ ಬದಲಾಗಲಿಲ್ಲ. ನಮ್ಮ ದೇಶದಲ್ಲಿ ಅದೇ 1945ರಲ್ಲಿ ಮಹೀಂದ್ರ ಅಣ್ಣತಮ್ಮಂದಿರು, ಜೆ.ಸಿ. ಮಹೀಂದ್ರ ಮತ್ತು ಕೆ.ಸಿ. ಮಹೀಂದ್ರ, ಮಲಿಕ್ ಗುಲಾಮ್ ಮೊಹಮ್ಮದ್ ಅವರ ಜೊತೆ ಸೇರಿ 'ಮಹೀಂದ್ರ ಅಂಡ್ ಮೊಹಮ್ಮದ್' ಅಂತ ಕಂಪನಿ ಕಟ್ಟಿದ್ರು. ದೇಶ ಎರಡಾದಾಗ ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು. ಇಲ್ಲಿ 1948ರಲ್ಲಿ ಕಂಪನಿ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಆಯ್ತು. ಅಮೆರಿಕದಿಂದ ಬಿಡಿಭಾಗ ತರಿಸಿ ಮುಂಬೈನಲ್ಲಿ ಜೀಪು ಜೋಡಿಸ್ತಿದ್ರು. 1950ರ ದಶಕದಲ್ಲಿ ಇಲ್ಲೇ ಮಾಡೋಕೂ ಶುರುವಾಯ್ತು. ಇದಲ್ಲದೆ ಯುದ್ಧದ ಮೇಲೆ ಸೈನ್ಯದವರು ಹರಾಜು ಹಾಕಿದ ಹಳೇ ಗಾಡಿಗಳೂ ಇದ್ವು. ನಮ್ಮ ಕಡೆ ಹಿರಿಯರು ಈಗಲೂ 'ಡಿಸ್ಪೋಸಲ್ ಜೀಪು' ಅಂತಾರಲ್ಲ, ಅವೇ.

ನಮ್ಮ ಅಡಿಕೆ ತೋಟ, ಕಾಫಿ ತೋಟದ ದಾರಿಗಳಿಗೆ ಜೀಪು ಹೇಳಿ ಮಾಡಿಸಿದ ಹಂಗಿತ್ತು. ಎತ್ತಿನ ಗಾಡಿ ಹೋಗದ ಕೊರಕಲಲ್ಲೂ ಇದು ಹೋಗ್ತಿತ್ತು. ಆದ್ರೆ ನಮ್ಮ ಹೆಂಗಸರ ಕಣ್ಣಿಗೆ ಜೀಪು ಮೊದಲು ಬಿದ್ದದ್ದು ತೋಟದಲ್ಲಿ ಅಲ್ಲ, ಸರ್ಕಾರದ ಕೈಯಲ್ಲಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯ್ತು. ಆಮೇಲೆ ಬ್ಲಾಕು, ಬಿಡಿಓ, ಬಿಡಿಓ ಜೊತೆಗೆ ಜೀಪು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಯುನಿಸೆಫ್ ಕೊಟ್ಟ ಜೀಪುಗಳು ಬಂದ್ವು. ನನ್ನ ಅಮ್ಮ ಹೇಳ್ತಿದ್ರು, ದೂರದಲ್ಲಿ ಜೀಪಿನ ಸದ್ದು ಕೇಳಿದ್ರೆ ಮಕ್ಕಳು ಅಟ್ಟ ಹತ್ತಿ ಅಡಗಿಕೊಳ್ತಿದ್ರಂತೆ, ಚುಚ್ಚೋಕೆ ಬಂದ್ರು ಅಂತ. ಚುನಾವಣೆ ಬಂದ್ರೆ ಅದೇ ಜೀಪಿಗೆ ಮೈಕು. ಆಗ ಜೀಪು ಅಂದ್ರೆ ಯಾರೋ ಹೊರಗಿನವರು, ಅಧಿಕಾರದವರು ಬಂದ್ರು ಅಂತ ಅರ್ಥ. ಸದ್ದು ಜೋರಾಗಿದ್ದಷ್ಟೂ ಗತ್ತು.

ನಮ್ಮ ಮನೆ ಜೀಪೂ ಹಂಗೆ ಸರ್ಕಾರಿ ಗಾಡಿಯಾಗಿದ್ದದ್ದೇ. 1960ರ ದಶಕದ್ದು, ಬಾನೆಟ್ ಎತ್ತರ ಇರುವ ಜಾತಿ. ಬಾನೆಟ್ ಎತ್ತರ ಆಗೋಕೆ ಕಾರಣ ಉಂಟು. ಮೊದಲಿನ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಪಕ್ಕದಲ್ಲಿ ಇದ್ವು. 'ಹರಿಕೇನ್' ಅಂತ ಹೊಸ ಎಂಜಿನ್ ಬಂದಾಗ ಅದರಲ್ಲಿ ಗಾಳಿ-ಪೆಟ್ರೋಲು ಒಳಗೆ ಬಿಡುವ ವಾಲ್ವನ್ನ ತಲೆ ಮೇಲೆ ಕೂರಿಸಿದ್ರು. ಎಂಜಿನ್ ಎತ್ತರ ಆಯ್ತು, ಮುಚ್ಚಳಾನೂ ಎತ್ತರ ಮಾಡಬೇಕಾಯ್ತು. ಸಿಜೆ-3ಬಿ ಅಂತ ಅದರ ಹೆಸರು. ಅಮೆರಿಕದಲ್ಲಿ 1953ರಲ್ಲಿ ಬಂದು 1968ಕ್ಕೆ ನಿಂತು ಹೋದ್ರೂ ನಮ್ಮಲ್ಲಿ ಅದರ ಮುಖ ಬಹಳ ವರ್ಷ ಹಂಗೇ ಉಳೀತು. ನಮ್ಮ ಮಾವ ಅದನ್ನ 1974ರಲ್ಲಿ ಒಂದು ಇಲಾಖೆಯ ಹರಾಜಿನಲ್ಲಿ ಹಿಡಿದ್ರು.

ಮನೆಗೆ ಬಂದ ಮೇಲೆ ಜೀಪಿನಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋದಕ್ಕೆ ಯಾರೂ ಕಾನೂನು ಮಾಡಲಿಲ್ಲ, ತಾನಾಗೇ ಆಯ್ತು. ಮುಂದೆ ಗಂಡಸರು. ಹಿಂದೆ ಎರಡು ಪಕ್ಕದ ಹಲಗೆ ಸೀಟಿನಲ್ಲಿ ನಾವು ಹೆಂಗಸರು, ಮಕ್ಕಳು, ಮಧ್ಯದಲ್ಲಿ ಅಡಿಕೆ ಮೂಟೆ, ಬಾಳೆಗೊನೆ, ಕೆಲವೊಮ್ಮೆ ಕರು. ಮುಂದಿನವರು ಎಂತ ಮಾತಾಡ್ತಾರೆ ಅಂತ ಹಿಂದಿನವರಿಗೆ ಕೇಳೋದಿಲ್ಲ. ಹಿಂದಿನವರು ಕೂಗಿದ್ರೂ ಮುಂದಿನವರಿಗೆ ಕೇಳೋದಿಲ್ಲ. ಎಷ್ಟೋ ವಿಷಯ ಪೇಟೆಗೆ ಹೋಗೋ ದಾರಿಯಲ್ಲೇ ತೀರ್ಮಾನ ಆಗ್ತಿತ್ತು, ಯಾವ ಮಂಡಿಗೆ ಅಡಿಕೆ ಹಾಕೋದು, ಯಾವ ಹುಡುಗನ ಜಾತಕ ತರಿಸೋದು. ನಮಗೆ ಇಳಿದ ಮೇಲೆ ಗೊತ್ತು. ಹಂಗಾಗಿ ನಮ್ಮ ಅತ್ತೆ ಕೊಡೆಯ ಭಾಷೆ ಮಾಡಿದ್ರು. ಕೊಡೆ ಹಿಡಿಯಿಂದ ಮೇಲಿನ ಕಬ್ಬಿಣದ ಕಂಬಿಗೆ ಒಂದು ಸಲ ಬಡಿದ್ರೆ ನಿಲ್ಲಿಸಿ ಅಂತ. ಎರಡು ಸಲ ಬಡಿದ್ರೆ ಯಾರಿಗೋ ವಾಂತಿ ಬಂದಿದೆ, ಬೇಗ ನಿಲ್ಲಿಸಿ ಅಂತ. ನಿಮ್ಮಲ್ಲೂ ಎಷ್ಟು ಜನರ ಮನೇಲಿ ಇಂಥದ್ದು ಇತ್ತೋ!

ಆಮೇಲೆ ಡೀಸೆಲ್ ಬಂತು. 1973ರಲ್ಲಿ ಅರಬ್ ದೇಶಗಳವರು ಎಣ್ಣೆ ಬಿಗಿ ಹಿಡಿದ ಮೇಲೆ ಪೆಟ್ರೋಲ್ ಬೆಲೆ ಏರಿತಲ್ಲ, ಜೀಪು ಇದ್ದವರಿಗೆಲ್ಲ ಕೈ ಸುಡೋಕೆ ಶುರುವಾಯ್ತು. ಡೀಸೆಲ್ ಅಗ್ಗ. ಊರೂರಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸೋ ಕೆಲಸ ನಡೀತು. ಕಂಪನಿಯವರೂ 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯ 2.1 ಲೀಟರ್ ಡೀಸೆಲ್ ಎಂಜಿನ್ನನ್ನ ಇಲ್ಲೇ ಮಾಡಿ ಜೀಪಿಗೆ ಹಾಕಿದ್ರು. ನಮ್ಮ ಮಾವ 1984ರಲ್ಲಿ ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಡೀಸೆಲ್ ಕೂರಿಸಿಕೊಂಡು ಬಂದ್ರು.

ಖರ್ಚು ಇಳೀತು, ಸದ್ದು ಏರಿತು. ಅದಕ್ಕೆ ಕಾರಣ ಹೇಳ್ತೇನೆ ಕೇಳಿ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಿ ಉರಿಸ್ತಾರೆ. ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನೇ ಗಟ್ಟಿ ಒತ್ತಿ, ಆ ಒತ್ತಡದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳಬೇಕು. ಹಳೇ ಜೀಪಿನ ಪೆಟ್ರೋಲ್ ಎಂಜಿನ್ ಗಾಳಿಯನ್ನ ಸುಮಾರು ಏಳರಲ್ಲಿ ಒಂದು ಪಾಲಿಗೆ ಒತ್ತಿದ್ರೆ, ಆ ಕಾಲದ ಡೀಸೆಲ್ ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತೆ. ಎಣ್ಣೆ ಒಮ್ಮೆಲೇ ಭಗ್ ಅಂತ ಹೊತ್ತಿಕೊಳ್ಳುತ್ತೆ. ಆ ಕಟಕಟ ಸದ್ದು ಅದರದ್ದೇ. ಯುದ್ಧಕ್ಕೆ ಅಂತ ಮಾಡಿದ ತೆಳು ತಗಡಿನ ಪೆಟ್ಟಿಗೆಯೊಳಗೆ ಇಂಥ ಎಂಜಿನ್ ಇಟ್ಟರೆ ಎಂತಾಗುತ್ತೆ ಹೇಳಿ. ತಂಬಿಗೆಯೊಳಗೆ ಗೋಲಿ ಹಾಕಿ ಕುಲುಕಿದ ಹಂಗೆ.

ನಾನು ಈ ಮನೆಗೆ ಬಂದದ್ದು 1992ರಲ್ಲಿ, ಅದೇ ಜೀಪಿನಲ್ಲಿ. ಮಗಳು ಹುಟ್ಟಿದ್ದು 1995ರ ಜುಲೈಯಲ್ಲಿ, ಅದೂ ಅದೇ ಜೀಪಿನಲ್ಲೇ. ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋ ಕಥೆ. ಗೊತ್ತಿಲ್ಲದ ಭಾಗವನ್ನ ಮಾತ್ರ ಹೇಳ್ತೇನೆ.

ರಾತ್ರಿ ಹತ್ತರ ಮೇಲೆ ನೋವು ಶುರುವಾಯ್ತು. ಮಳೆ ಅಂದ್ರೆ ಮಳೆ. ಮಾವ ಸ್ಟೇರಿಂಗಿನಲ್ಲಿ, ನಮ್ಮನೆಯವ್ರು ಪಕ್ಕದಲ್ಲಿ ಟಾರ್ಚ್ ಹಿಡಕೊಂಡು. ಹಿಂದೆ ನಾನು ಮಲಗಿ, ಅತ್ತೆ ನನ್ನ ತಲೆ ತೊಡೆ ಮೇಲೆ ಇಟ್ಟುಕೊಂಡು. ಹಳ್ಳಕ್ಕಿಂತ ಈಚೆ ನರ್ಸಮ್ಮನ ಕ್ವಾರ್ಟರ್ಸ್ ಇತ್ತು. ದಾರಿ ಮಧ್ಯದಲ್ಲಿ ಅತ್ತೆಗೆ ಗೊತ್ತಾಯ್ತು, ಇದು ಆಸ್ಪತ್ರೆ ತನಕ ತಡೆಯೋದಿಲ್ಲ ಅಂತ. ನರ್ಸಮ್ಮನ ಮನೆ ಹತ್ತಿರ ನಿಲ್ಲಿಸಿ ಅಂತ ಕೂಗಿದ್ರು. ಕೊಡೆ ಹುಡುಕಿದ್ರು, ಅವತ್ತು ಕೊಡೆ ಮುಂದೆ ಇತ್ತು. ಕೈಯಿಂದ ತಗಡು ಬಡಿದ್ರು. ಜೀಪು ನಿಲ್ಲಲಿಲ್ಲ. ಹಳ್ಳದ ಸೇತುವೆ ದಾಟಿ ಅರ್ಧ ಮೈಲಿ ಹೋದ ಮೇಲೆ ನಮ್ಮನೆಯವ್ರು ಹಿಂದೆ ತಿರುಗಿ ನೋಡಿದಾಗಲೇ ನಿಂತದ್ದು. ಅಷ್ಟೊತ್ತಿಗೆ ಮಗು ಅತ್ತೆ ಕೈಗೆ ಬಂದಿತ್ತು. ಬಳ್ಳಿ ಸುತ್ತಿಕೊಂಡಿತ್ತು, ಕೂಡ್ಲೇ ಅಳಲಿಲ್ಲ. ಅತ್ತೆ ಬಿಡಿಸಿ, ಉಜ್ಜಿ, ತಲೆಕೆಳಗೆ ಹಿಡಿದು ಏನೇನೋ ಮಾಡಿದ ಮೇಲೆ ಅತ್ತಿತು. ಹಿಂದಕ್ಕೆ ನರ್ಸಮ್ಮನ ಹತ್ತಿರ ಹೋಗೋಣ ಅಂದ್ರೆ ಸೇತುವೆ ಮೇಲೆ ನೀರು ಬಂದುಬಿಟ್ಟಿತ್ತು. ದೇವರು ದೊಡ್ಡವನು, ಇಬ್ರೂ ಉಳಿದ್ವಿ.

ಮಾವ ಆಮೇಲೆ ಎಷ್ಟೋ ಸಲ ಅಂದ್ರು, "ನಂಗೆ ಕೇಳ್ಲೇ ಇಲ್ಲ ಕಣೇ" ಅಂತ. ಅತ್ತೆ ನಂಬಲಿಲ್ಲ. "ಕೇಳಿತ್ತು. ನೀರು ಏರೋದ್ರೊಳಗೆ ಸೇತುವೆ ದಾಟಬೇಕು ಅಂತ ಹಟ ಮಾಡಿದ್ರು. ನಾನು ಹೇಳಿದ್ದನ್ನ ಯಾವತ್ತು ಕೇಳಿದ್ರು ಅವ್ರು" ಅಂತಿದ್ರು. ಮಾವ 2009ರಲ್ಲಿ ತೀರಿಕೊಂಡ್ರು. ವರ್ಷದ ಕಾರ್ಯದಲ್ಲಿ ಎಲ್ಲ ಮಾಡಿ ಬಡಿಸಿದ ಅತ್ತೆ, ರಾತ್ರಿ ಪಾತ್ರೆ ಒರೆಸ್ತಾ ಆ ಮಾತು ಮತ್ತೆ ಎತ್ತಿದ್ರು. ಅಷ್ಟು ಆಳಕ್ಕೆ ಇಳಿದಿತ್ತು.

2021ರಲ್ಲಿ ಮಗಳು ಕಂಪ್ಯೂಟರ್ ಕೆಲಸ ಮನೆಯಿಂದಲೇ ಮಾಡ್ತಾ ಇಲ್ಲೇ ಇದ್ದಳು. ಜೀಪು ಕೊಟ್ಟಿಗೆಯಲ್ಲಿ ನಿಂತು ನಾಲ್ಕು ವರ್ಷ ಆಗಿತ್ತು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಬೇಕು, ಗ್ರೀನ್ ಟ್ಯಾಕ್ಸ್ ಕಟ್ಟಬೇಕು. ಗುಜರಿಗೆ ಹಾಕೋಣ ಅಂತ ನಮ್ಮನೆಯವ್ರು. "ನಾನು ಹುಟ್ಟಿದ ಮನೇನ ಗುಜರಿಗೆ ಹಾಕ್ತೀರ ಅಪ್ಪ?" ಅಂದಳು ಮಗಳು. ಅಲ್ಲಿಗೆ ಮುಗೀತು.

ಬ್ಯಾಟರಿ ಹಾಕಿ, ಎಣ್ಣೆ ಬದಲಾಯಿಸಿ, ಬ್ರೇಕು ಸರಿಮಾಡಿಸಿ ಮೊದಲ ದಿನ ಸ್ಟಾರ್ಟ್ ಮಾಡಿದಾಗ ಮಗಳು ಒಂದು ಕೆಲಸ ಮಾಡಿದಳು. "ಬಿಚ್ಚೋದಕ್ಕೆ ಮೊದಲು ಒಂದು ಸಲ ಪರೀಕ್ಷೆ ಮಾಡಣ" ಅಂತ. ಜುಲೈ ತಿಂಗಳೇ, ಮಳೆಯೂ ಇತ್ತು. ಅದೇ ದಾರಿ, ಅದೇ ಇಳಿಜಾರು, ಎರಡನೇ ಗೇರು. ಸ್ಟೇರಿಂಗಿನಲ್ಲಿ ಅವಳು, ಪಕ್ಕದಲ್ಲಿ ಅವಳಪ್ಪ, ಹಿಂದೆ ಅತ್ತೆ ಕೂರ್ತಿದ್ದ ಜಾಗದಲ್ಲಿ ನಾನು. ಮುಂದೆ ಮೊಬೈಲಿನಲ್ಲಿ ರೆಕಾರ್ಡ್ ಹಾಕಿಟ್ಟಿದ್ಲು. ನರ್ಸಮ್ಮನ ಕ್ವಾರ್ಟರ್ಸ್ ಬಂದಾಗ ನಾನು "ನಿಲ್ಸಿ, ನಿಲ್ಸಿ" ಅಂತ ಗಂಟಲು ಹರಿಯೋ ಹಂಗೆ ಕೂಗಿದೆ, ತಗಡು ಬಡಿದೆ. ಸೇತುವೆ ಬಂದರೂ ಅವರಿಬ್ಬರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಆಮೇಲೆ ಕೇಳಿದ್ರೆ, "ಅಮ್ಮ, ನೀನು ಕೂಗಿದ್ಯಾ?" ಅಂದಳು ಮಗಳು.

ಮನೆಗೆ ಬಂದು ಅಜ್ಜಿಗೆ ರೆಕಾರ್ಡ್ ಹಾಕಿ ತೋರಿಸಿದಳು. ಅದರಲ್ಲಿ ಎಂಜಿನ್ನಿನ ಮೊರೆತ, ಟಾಪಿನ ಮೇಲೆ ಮಳೆ, ಇಷ್ಟೇ. ಅತ್ತೆ ಎರಡು ಸಲ ಕೇಳಿದ್ರು. ಎಂತದೂ ಹೇಳ್ಲಿಲ್ಲ. ಎದ್ದು ದೇವರ ಮನೆಗೆ ಹೋದ್ರು.

ಮಾರನೇ ದಿನದಿಂದ ಬಿಚ್ಚೋ ಕೆಲಸ. ಸೀಟು, ಟಾಪು, ನೆಲದ ಮ್ಯಾಟು ಎಲ್ಲ ಅಂಗಳಕ್ಕೆ ಬಂತು. ಮ್ಯಾಟಿನ ಕೆಳಗೆ ನಾವೇ ಮಾಡಿದ ಪಾಪ ಕಾಣಿಸ್ತು. ಸದ್ದು, ಬಿಸಿ ತಡೀಲಿ ಅಂತ ವರ್ಷಗಟ್ಟಲೆ ಗೋಣಿಚೀಲ, ಹಳೇ ಕಂಬಳಿ ಹಾಸಿದ್ವಲ್ಲ, ಅವು ಮಳೆನೀರು ಹೀರಿ ಹೀರಿ ತಗಡನ್ನ ತಿಂದು ಹಾಕಿದ್ವು. ಚಾಲಕನ ಕಾಲ ಕೆಳಗೆ ಕೈ ತೂರುವಷ್ಟು ತೂತು. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ ನಮ್ಮದು. ಇಲ್ಲಿ ಹೀರುವಂಥ ವಸ್ತು ತಗಡಿನ ಮೇಲೆ ಇಡಲೇಬಾರದು. ಇದೇ ಮೊದಲ ಪಾಠ.

ಟಿಂಕರಿಂಗ್ ಮಾಡುವವರು ಮನೆಗೇ ಬಂದು ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದ್ರು. ಉಳಿದ ತುಕ್ಕನ್ನ ನಾನು, ಮಗಳು ತಂತಿ ಬ್ರಶ್ಶಿನಲ್ಲಿ ಉಜ್ಜಿದ್ವಿ. ದೀಪಾವಳಿಗೆ ಹಂಡೆ ಉಜ್ಜಿದ ಅಭ್ಯಾಸ ಇತ್ತಲ್ಲ. ಒಣಗಿಸಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಎರಡು ಕೈ ಬಣ್ಣ. ತುಕ್ಕಿನ ಮೇಲೆ ಶೀಟು ಅಂಟಿಸಿದ್ರೆ ಅದು ಒಳಗೊಳಗೇ ತಿನ್ನುತ್ತೆ, ಹಂಗಾಗಿ ಈ ಕೆಲಸದಲ್ಲಿ ಅವಸರ ಮಾಡಬಾರದು.

ಸದ್ದು ತಡೆಯೋದರಲ್ಲಿ ನಾಲ್ಕು ಕೆಲಸ ಉಂಟು. ಎಲ್ಲಾ ನಮ್ಮ ಅಡುಗೆಮನೇಲಿ ಇರುವಂಥದ್ದೇ.

ಒಂದು, ಸದ್ದು ಹುಟ್ಟುವಲ್ಲೇ ಕಡಿಮೆ ಮಾಡೋದು. ಗ್ರೈಂಡರ್ ಅದುರಿದ್ರೆ ಕೆಳಗೆ ಬಟ್ಟೆ ಮಡಚಿ ಇಡ್ತೇವಲ್ಲ, ಹಂಗೆ ಎಂಜಿನ್ನಿನ ಕೆಳಗೆ ರಬ್ಬರ್ ಇರುತ್ತೆ. ಮೆಕ್ಯಾನಿಕ್ಕುಗಳು ಫೌಂಡೇಶನ್ ರಬ್ಬರ್ ಅಂತಾರೆ. ನಮ್ಮದು ಕಲ್ಲಿನ ಹಂಗೆ ಗಟ್ಟಿಯಾಗಿ ಸೀಳಿ ಹೋಗಿತ್ತು. ಅದನ್ನ, ಬಾಡಿ ಮತ್ತು ಚಾಸಿ ನಡುವಿನ ರಬ್ಬರುಗಳನ್ನ ಹೊಸದು ಹಾಕಿದ್ದಕ್ಕೇ ಅರ್ಧ ಅದುರು ಹೋಯ್ತು. ಸೈಲೆನ್ಸರ್ ತೂತು ಬಿದ್ದಿತ್ತು, ಅದೂ ಹೊಸದು. ಕೆಳಮನೆ ಅಕ್ಕನಿಗೆ ಈಗ ಸದ್ದು ಕೇಳದೇ ಇರೋದು ಇದರಿಂದ. ಮುಂದಿನ ಮೂರು ಕೆಲಸ ಒಳಗೆ ಕೂತವರಿಗೆ.

ಎರಡು, ತಗಡು ಬಡಕೊಳ್ಳೋದನ್ನ ನಿಲ್ಲಿಸೋದು. ಸ್ಟೀಲ್ ತಟ್ಟೆ ಕೆಳಗೆ ಬಿದ್ದು ರಿಂಗಣಿಸುವಾಗ ಒಂದು ಬೆರಳು ಇಟ್ರೆ ಸಾಕು, ನಿಲ್ಲುತ್ತೆ. ಡ್ಯಾಂಪಿಂಗ್ ಶೀಟು ಮಾಡೋದು ಅದನ್ನೇ. ಒಂದು ಕಡೆ ಅಲ್ಯುಮಿನಿಯಂ ಹಾಳೆ, ಇನ್ನೊಂದು ಕಡೆ ಜಿಗುಟು ಬ್ಯೂಟೈಲ್ ರಬ್ಬರು. ತಟ್ಟೆಗೆ ಇಡೀ ಕೈ ಬೇಡ, ಬೆರಳು ಸಾಕು ಅನ್ನೋ ಹಂಗೆ ತಗಡನ್ನ ಪೂರ್ತಿ ಮುಚ್ಚಬೇಕಾಗಿಲ್ಲ. ಅಗಲ ತಗಡಿನ ಮಧ್ಯಭಾಗಕ್ಕೆ, ಅರ್ಧದಷ್ಟು ಜಾಗಕ್ಕೆ ಅಂಟಿಸಿದ್ರೆ ಸಾಕು. ಆದ್ರೆ ರೋಲರಿನಿಂದ ಗಟ್ಟಿ ಒತ್ತಿ ಗಾಳಿ ಉಳಿಯದ ಹಂಗೆ ಕೂರಿಸಬೇಕು. ಮಳೆಗಾಲದ ತಂಪಿಗೆ ಅಂಟು ಹಿಡೀಲಿಲ್ಲ. ಮಗಳು ಕೂದಲು ಒಣಗಿಸೋ ಮೆಷಿನ್ನಿನಿಂದ ಬಿಸಿ ಮಾಡಿದಳು, ನಾನು ಚಪಾತಿ ಲಟ್ಟಿಸೋ ಹಂಗೆ ಒತ್ತಿದೆ. ಅಗ್ಗಕ್ಕೆ ಸಿಗುತ್ತೆ ಅಂತ ಮನೆ ಮಾಡಿಗೆ ಹಾಕೋ ಡಾಂಬರು ಶೀಟು ತರಬೇಡಿ. ಬೇಸಿಗೆಯಲ್ಲಿ ಕರಗಿ ಇಳಿಯುತ್ತೆ, ವಾಸನೆಗೆ ತಲೆನೋವು ಬರುತ್ತೆ.

ಮೂರು, ಸದ್ದು ನುಗ್ಗುವ ಸಂದು ಮುಚ್ಚೋದು. ಕುಕ್ಕರಿನ ಗ್ಯಾಸ್ಕೆಟ್ ಒಂದು ಕಡೆ ಸಡಿಲ ಇದ್ರೂ ಆವಿ ನಿಲ್ಲೋದಿಲ್ಲವಲ್ಲ, ಸದ್ದೂ ಹಂಗೇ. ಗೇರಿನ ಬುಡ, ಪೆಡಲುಗಳ ತೂತು, ವೈರು ಒಳಗೆ ಬರುವ ತೂತು, ಇವಕ್ಕೆಲ್ಲ ಹೊಸ ರಬ್ಬರು ಹಾಕಿದ್ವಿ. ನೂರು ರೂಪಾಯಿಯ ರಬ್ಬರು ಕೆಲವೊಮ್ಮೆ ಸಾವಿರದ ಶೀಟಿಗಿಂತ ಹೆಚ್ಚು ಕೆಲಸ ಮಾಡುತ್ತೆ. ಆದ್ರೆ ನೆಲದಲ್ಲಿ ನೀರು ಇಳಿಯೋಕೆ ಅಂತ ತೂತು ಬಿಟ್ಟಿರ್ತಾರೆ. ಅದನ್ನ ಮಾತ್ರ ಮುಚ್ಚಬಾರದು.

ನಾಲ್ಕು, ಅಡ್ಡ ಗೋಡೆ. ಎಂಜಿನ್ನಿಗೂ ನಮಗೂ ನಡುವೆ ಇರೋದು ಒಂದೇ ತಗಡು. ಅದರ ಈಚೆ ಮೈಗೆ, ನೆಲಕ್ಕೆ, ಗೇರ್‌ಬಾಕ್ಸಿನ ಮೇಲಿನ ಉಬ್ಬಿಗೆ ನೀರು ಹೀರದ ಫೋಮು, ಅದರ ಮೇಲೆ ಭಾರದ ವಿನೈಲ್ ಮ್ಯಾಟು. ತೆಳು ಪರದೆ ಮಾತನ್ನ ತಡೆಯೋದಿಲ್ಲ, ಗೋಡೆ ತಡೆಯುತ್ತೆ. ಭಾರ ಇದ್ದಷ್ಟೂ ಸದ್ದಿಗೆ ಅಡ್ಡಿ ಹೆಚ್ಚು. ಮ್ಯಾಟನ್ನ ಅಂಟಿಸಲಿಲ್ಲ, ಎತ್ತಿ ಒಣಗಿಸೋ ಹಂಗೆ ಬಿಟ್ಟಿದೇವೆ. ಸೈಲೆನ್ಸರ್ ಪೈಪು ಹಾಯುವ ಹೊರಮೈಗೆ ಎಂತದೂ ಹಾಕಲಿಲ್ಲ, ಬೆಂಕಿ ಭಯ. ಗಾಡಿಯ ಆಕಾರ, ಅಳತೆ ಯಾವುದನ್ನೂ ಬದಲಾಯಿಸಲಿಲ್ಲ. ಹಂಗೆ ಬದಲಾಯಿಸೋದು ಕಾನೂನಿಗೆ ವಿರುದ್ಧ, ಎಫ್‌ಸಿಯೂ ಸಿಗೋದಿಲ್ಲ.

ಎಲ್ಲಾ ಸೇರಿ ಜೀಪಿನ ತೂಕ ಸುಮಾರು 30 ಕಿಲೋ ಹೆಚ್ಚಾಗಿರಬಹುದು. ನಂಗೆ ಆ ಬಾರ್ನಿ ರೂಸ್ ನೆನಪಾದ್ರು. ಅವರು ಬೋಲ್ಟಿನ ತುದಿ ಕತ್ತರಿಸಿ, ಬಣ್ಣ ಉಳಿಸಿ ಇಳಿಸಿದ ತೂಕವನ್ನ ನಾವು ಒಂದು ಮಳೆಗಾಲ ಕೂತು ಮತ್ತೆ ಏರಿಸಿದ್ವಿ. ಅವರದ್ದು ತಪ್ಪಲ್ಲ. ಅವರಿಗೆ ಯುದ್ಧ ಗೆಲ್ಲಬೇಕಿತ್ತು. ನಮಗೆ ಮಾತು ಕೇಳಬೇಕಿತ್ತು. ಖರ್ಚಿನ ಲೆಕ್ಕ ಕೇಳಿದ್ರೆ, ಟಿಂಕರಿಂಗೂ ಸೇರಿ ಸುಮಾರು ಒಂದೂವರೆ ಕ್ವಿಂಟಾಲ್ ಅಡಿಕೆಯ ದುಡ್ಡು ಹೋಯ್ತು.

ಹಂಗಂತ ಕಾರಿನ ಹಂಗೆ ಆಗಿದೆ ಅಂತಲ್ಲ. ಟಾಪು ಬಟ್ಟೆಯದ್ದೇ, ಗಾಳಿಗೆ ಪಟಪಟ ಅನ್ನುತ್ತೆ. ಡೀಸೆಲ್ಲು ಡೀಸೆಲ್ಲೇ. ದೊಡ್ಡ ಸದ್ದು ಇಳಿದ ಮೇಲೆ ಅದರಡಿ ಅಡಗಿದ್ದ ಸಣ್ಣ ಸದ್ದುಗಳು ಕೇಳೋಕೆ ಶುರುವಾದ್ವು, ಸೀಟಿನ ಕಿರುಗುಟ್ಟು, ಗೇರಿನ ಗುಂಯ್. ಮೊದಲ ವಾರ ನಮ್ಮನೆಯವ್ರು, "ಎಂತದೋ ಹೊಸ ಸದ್ದು ಬರ್ತಿದೆ, ಕೆಟ್ಟಿದೆ" ಅಂತ ಎರಡು ಸಲ ಮೆಕ್ಯಾನಿಕ್ ಕರೆಸಿದ್ರು!

ದೀಪಾವಳಿ ಹೊತ್ತಿಗೆ ಎಲ್ಲ ಮುಗಿದು ಪೇಟೆಗೆ ಹೊರಟ್ವಿ. ಅತ್ತೆಗೆ ಆಗ 80 ದಾಟಿತ್ತು. ಮುಂದೆ ಕೂರಿ ಅಂದ್ರೆ ಕೇಳ್ಲಿಲ್ಲ, "ನಂಗೆ ಹಿಂದೇ ಅಭ್ಯಾಸ" ಅಂತ ತಮ್ಮ ಜಾಗದಲ್ಲೇ ಕೂತ್ರು, ಕೈಯಲ್ಲಿ ಕೊಡೆ ಹಿಡಕೊಂಡು. ನಮ್ಮನೆಯವ್ರು ಓಡಿಸ್ತಿದ್ರು, ಮಗಳು ಪಕ್ಕದಲ್ಲಿ. ನರ್ಸಮ್ಮನ ಕ್ವಾರ್ಟರ್ಸ್ ಈಗ ಖಾಲಿ, ಗೋಡೆ ತುಂಬಾ ಪಾಚಿ. ಅದರ ಮುಂದೆ ಬಂದಾಗ ಅತ್ತೆ ಮನೇಲಿ ಮಾತಾಡೋ ದನಿಯಲ್ಲೇ, "ಇಲ್ಲೇ" ಅಂದ್ರು.

"ಎಂತ ಅಮ್ಮ, ಇಲ್ಲೇ?" ಅಂತ ಮುಂದಿನಿಂದ ನಮ್ಮನೆಯವ್ರು ಕೇಳಿದ್ರು.

ಅತ್ತೆ ಒಂದು ಗಳಿಗೆ ಸುಮ್ಮನಾದ್ರು. ಕೊಡೆ ಬಡೀಲಿಲ್ಲ, ಕೂಗಲಿಲ್ಲ, ಆದ್ರೂ ಮಾತು ಹೋಗಿ ಮುಟ್ಟಿತ್ತು. "ಎಂತದೂ ಇಲ್ಲ. ಅವತ್ತು ನಾನು ಕೂಗಿದ್ದು ಇಲ್ಲೇ ಅಂತ" ಅಂದ್ರು.

ನಮ್ಮನೆಯವ್ರು ಗಾಡಿ ನಿಲ್ಲಿಸಿಬಿಟ್ರು. 26 ವರ್ಷ ಅವರು ಅಂದುಕೊಂಡಿದ್ದು, ಅಮ್ಮ ಕೂಗಿದ್ದು ಸೇತುವೆ ದಾಟಿದ ಮೇಲೆ ಅಂತ. ಮುಂದೆ ಕೂತವರಿಗೆ ಯಾರಿಗೂ ಗೊತ್ತೇ ಇರಲಿಲ್ಲ. ಯಾರೂ ಎಂತದೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆಯೇ, "ಹೋಗು ಮಾರಾಯ, ಎಂತಕ್ಕೆ ನಿಲ್ಲಿಸಿದ್ದು. ಅವ್ರಿಗೆ ಕೇಳಿರಲಿಕ್ಕಿಲ್ಲ, ಪಾಪ" ಅಂದ್ರು. ಮಾವನ ಬಗ್ಗೆ ಅವರ ಬಾಯಲ್ಲಿ ಆ ವಿಷಯಕ್ಕೆ ಪಾಪ ಅನ್ನೋ ಮಾತು ಬಂದದ್ದು ಅದೇ ಮೊದಲು.

ಚಿಕ್ಕಮ್ಮನ ಮಗಳೇ, ನಿಮ್ಮ ಕೊಟ್ಟಿಗೆ ಜೀಪಿಗೆ ಶೀಟು ಯಾವುದು ತರೋದು ಅಂತ ಆಮೇಲೆ ನೋಡಣ. ಮೊದಲು ನೆಲದ ಗೋಣಿ ಎತ್ತಿ ಬಿಸಾಕು, ತುಕ್ಕು ಎಷ್ಟಿದೆ ನೋಡು. ಮತ್ತೆ ಬಿಚ್ಚೋದಕ್ಕೆ ಮೊದಲು ಒಂದು ಸಲ ನಿಮ್ಮನೆಯವ್ರನ್ನ ಹಿಂದಿನ ಸೀಟಿನಲ್ಲಿ ಕೂರಿಸಿ, ನೀನು ಮುಂದೆ ಕೂತು ಪೇಟೆಗೆ ಹೋಗಿ ಬಾ.